ಕ್ಯಾರೆಟ್ಟಿನ ಕೊಲೆಗಾರ

ಆರ್ವಿಲ್ ಬಿಂಗಮ್ ಅಷ್ಟು ಚೆನ್ನಾಗಿ ಅತ್ತಿದ್ದೇ ತಪ್ಪಾಯಿತು.

ಇಪ್ಪತ್ತೆರಡು ವರ್ಷ ಅವನು ಮೊದಲು ಸಿನಿಮಾದಲ್ಲಿ, ಆಮೇಲೆ ಟಿವಿಯಲ್ಲಿ ಬೆನ್ನು ತೋರಿಸಿಯೇ ಹೊಟ್ಟೆ ಹೊರೆದವನು. ಹೋಟೆಲಿನ ದೃಶ್ಯದಲ್ಲಿ ಹಿಂದಿನ ಮೇಜಿನವನು, ರೈಲಿನ ದೃಶ್ಯದಲ್ಲಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡವನು, ಕೋರ್ಟಿನ ದೃಶ್ಯದಲ್ಲಿ ಮೂರನೇ ಸಾಲಿನಲ್ಲಿ ಕೂತು ಕೆಮ್ಮುವವನು. ಅಂಥವನಿಗೆ, ಶನಿವಾರ ಸಂಜೆ ಊರಿಗೆ ಊರೇ ಕೂತು ನೋಡುವ ಕೋರ್ಟು ಸರಣಿಯಲ್ಲಿ ಈ ಸಲ ಕೊಲೆಗಾರನ ಪಾತ್ರ ಒಲಿದು ಬಂತು. ರೇಸು ಕುದುರೆ ಪಳಗಿಸುವವನ ಪಾತ್ರ. ಕ್ಯಾರೆಟ್ಟಿನ ಒಡಲು ಕೊರೆದು, ಮದ್ದು ತುಂಬಿ, ಗೆಲ್ಲುವ ಕುದುರೆಗೆ ತಿನ್ನಿಸುತ್ತಾನೆ. ಅದನ್ನು ಕಂಡುಹಿಡಿದ ಯಜಮಾನನನ್ನೂ ಮುಗಿಸಿಬಿಡುತ್ತಾನೆ. ಕೊನೆಯ ಐದು ನಿಮಿಷದಲ್ಲಿ, ಎಂದೂ ಸೋಲದ ವಕೀಲರು ಇವನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ಇವನು ಎದ್ದು ನಿಂತು "ಹೌದು, ನಾನೇ!" ಎಂದು ಕೂಗಿ ಅಳಬೇಕು.

ಬಿಂಗಮ್ ಅತ್ತ. ಇಪ್ಪತ್ತೆರಡು ವರ್ಷದಿಂದ ಒಳಗೇ ಕಟ್ಟಿಕೊಂಡಿದ್ದದ್ದು ಒಡ್ಡು ಒಡೆದ ಕೆರೆಯಂತೆ ಒಂದೇ ಸಲ ಬಂತು. ಕ್ಯಾಮೆರಾ ಹಿಡಿದವನು ಕೂಡ ಮೂಗು ಒರೆಸಿಕೊಂಡ.

ಅದು ಪ್ರಸಾರವಾದದ್ದು ಶನಿವಾರ. ಸೋಮವಾರ ಬೆಳಿಗ್ಗೆ ಬಿಂಗಮ್ ಎಂದಿನಂತೆ, ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನ ತನ್ನ ಬಾಡಿಗೆ ಮನೆಯಿಂದ ಹೊರಬಿದ್ದ. ನದಿಯ ಪಕ್ಕದ ಆ ಬೀದಿಯಲ್ಲಿ ಕಾರಿಲ್ಲದ ಮನೆಯಾದರೂ ಸಿಕ್ಕೀತು, ಹಿತ್ತಲಲ್ಲಿ ಕುದುರೆಯಿಲ್ಲದ ಮನೆ ಅಪರೂಪ. ಪಕ್ಕದ ಮನೆಯ ಮಿಸೆಸ್ ಕ್ರೌಸಳ ಹಿತ್ತಲಲ್ಲಿ ಡ್ಯಾಫೊಡಿಲ್ ಎಂಬ ಕಂದು ಬಣ್ಣದ ಹೆಣ್ಣುಕುದುರೆ ಇತ್ತು. ನಾಲ್ಕು ವರ್ಷ ರೇಸಿನಲ್ಲಿ ಓಡಿ, ಒಮ್ಮೆ ಮಾತ್ರ ಮೂರನೆಯದಾಗಿ ಬಂದು, ಹೋದ ಸೆಪ್ಟೆಂಬರಿನಲ್ಲಿ ನಿವೃತ್ತಿ ಹೊಂದಿ ಆಕೆಗೆ ಮಾರಾಟವಾದ ಕುದುರೆ. ಬಿಂಗಮ್‌ಗೆ ಅದರ ಮೇಲೆ ಒಂದು ಬಗೆಯ ಅಕ್ಕರೆ. ತನ್ನ ಹಾಗೇ ಹಿಂದಿನ ಸಾಲಿನ ಜೀವ ಎಂದುಕೊಂಡು ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ ಒಂದು ಕ್ಯಾರೆಟ್ ಕೊಡುತ್ತಿದ್ದ. ಅವತ್ತೂ ಕೊಟ್ಟ.

ಕೊಟ್ಟು ಬೀದಿ ಕೊನೆಯ ಕಾಫಿ ಅಂಗಡಿಗೆ ಹೋದ. ಐದು ವರ್ಷದಿಂದ ಅವನಿಗೆ ಕಾಫಿ ಸುರಿಯುತ್ತಿದ್ದ ಡಾಟಿ ಅವನನ್ನು ಕಂಡದ್ದೇ, ಹಣ್ಣು ತುಂಬಿ ಬೇಯಿಸಿದ ಪೈ ಕತ್ತರಿಸುತ್ತಿದ್ದ ಚಾಕುವನ್ನು ಮೆಲ್ಲಗೆ ಎತ್ತಿ ಡ್ರಾಯರಿನೊಳಗೆ ಹಾಕಿ ಕೀಲಿ ತಿರುಗಿಸಿದಳು.

"ಏನಮ್ಮ ಡಾಟಿ, ಇವತ್ತು ಪೈ ಇಲ್ವಾ?"

"ಇದೆ. ಕೈಯಲ್ಲೇ ಮುರಿದು ಕೊಡ್ತೀನಿ," ಎಂದಳು ಅವಳು. "ಬೇಜಾರು ಮಾಡ್ಕೋಬೇಡಿ ಮಿಸ್ಟರ್ ಬಿಂಗಮ್. ನೀವು ಒಳ್ಳೆಯವರೇ ಇರಬಹುದು. ಆದ್ರೆ ಆ ಯಜಮಾನ ಕೂಡ ಹಾಗೇ ಅಂದ್ಕೊಂಡಿದ್ದ, ಪಾಪ."

"ಅದು ನಾಟಕ ಕಣಮ್ಮ!"

"ಅಷ್ಟು ಅತ್ತರಲ್ಲ, ಅದೂ ನಾಟಕನಾ?"

ನಾಟಕವೆಂದರೆ ಪೂರಾ ಸುಳ್ಳಾಗುತ್ತದೆ, ನಿಜವೆಂದರೆ ಪೊಲೀಸರು ಬರುತ್ತಾರೆ. ಪಕ್ಕದ ಕುರ್ಚಿಯಲ್ಲಿದ್ದವನು ತನ್ನ ತಟ್ಟೆ ಎತ್ತಿಕೊಂಡು ಎರಡು ಕುರ್ಚಿ ಆಚೆ ಸರಿದ. ಬಿಂಗಮ್ ಮುರಿದ ಪೈ ತಿಂದು, ಇಂಥ ಹೆಸರು ಬರುವುದಕ್ಕಿಂತ ಬೆನ್ನು ತೋರಿಸಿಕೊಂಡು ಇದ್ದದ್ದೇ ವಾಸಿಯಿತ್ತೇನೋ ಎಂದು ಯೋಚಿಸುತ್ತ ಮನೆ ಕಡೆ ನಡೆದ.

ಮನೆಯ ಮುಂದೆ ಏಳೆಂಟು ಮಂದಿ ನೆರೆದಿದ್ದರು. ಎಲ್ಲರೂ ಮಿಸೆಸ್ ಕ್ರೌಸಳ ಹಿತ್ತಲಿನ ಕಡೆ ನೋಡುತ್ತಿದ್ದವರು ಒಮ್ಮೆಲೇ ಇವನ ಕಡೆ ತಿರುಗಿದರು.

"ಬಂದ," ಎಂದರು ಯಾರೋ.

ಮನೆಯ ಮಾಲೀಕ ಫ್ಲಾಯ್ಡ್ ನೆಸ್ಬಿಟ್ ಮುಂದೆ ಬಂದ. ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದ ಮುದುಕ. ಈಗ ಹಂಚಲಿಕ್ಕೆ ಕಾಗದಗಳಿಲ್ಲದೆ ಬರೀ ಸುದ್ದಿ ಹಂಚುತ್ತಿದ್ದ. "ಬಿಂಗಮ್, ಬಾರಯ್ಯ. ಓಡಬೇಡ. ಓಡಿದ್ರೆ ನಿನ್ನ ಕೇಸು ಕೆಡುತ್ತೆ."

"ನಾನ್ಯಾಕೆ ಓಡ್ಲಿ? ಏನಾಯ್ತು?"

"ಡ್ಯಾಫೊಡಿಲ್ ಮಲಗಿಬಿಟ್ಟಿದೆ. ಬೆವೆತು ನೀರಾಗಿದೆ, ಹೊಟ್ಟೆ ತಿರುಗಿ ತಿರುಗಿ ನೋಡ್ಕೊಳ್ತಿದೆ. ಬೆಳಿಗ್ಗೆ ಚೆನ್ನಾಗೇ ಇತ್ತಂತೆ, ನೀನು ಬೇಲಿ ಹತ್ತಿರ ಬರೋವರೆಗೂ."

ಬಿಂಗಮ್‌ಗೆ ತನ್ನ ಮೇಲಿನ ಆರೋಪ ಕಿವಿಗೇ ಬೀಳಲಿಲ್ಲ, ಕುದುರೆಯ ಸುದ್ದಿಯಷ್ಟೇ ಬಿತ್ತು. ಲಾಯದ ಕಡೆ ಓಡಿದ. ಹುಲ್ಲೆತ್ತುವ ಕವೆಗೋಲೊಂದು ಅಡ್ಡ ಬಂತು. ಕೋಲಿನ ಆ ತುದಿಯಲ್ಲಿ ಮಿಸೆಸ್ ಕ್ರೌಸ್ ಇದ್ದಳು.

ಆಕೆಯನ್ನು ಬೀದಿಯವರು ಎದುರಿಗೆ 'ಅಮ್ಮಾ' ಎಂದೂ ಹಿಂದಿನಿಂದ 'ಜೈಲರು' ಎಂದೂ ಕರೆಯುತ್ತಿದ್ದರು. ಆರಡಿ ಎತ್ತರ, ಬೂದಿ ಬಣ್ಣದ ಕೂದಲ ಗಂಟು, ಕಣ್ಣು ನೆಟ್ಟರೆ ಹಾಲು ಒಡೆಯಬೇಕು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಆ ನೋಟದಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ ತೀರಿಕೊಂಡ ಎಂದು ನೆಸ್ಬಿಟ್ ಹೇಳುತ್ತಿದ್ದ, ಆಕೆ ಊರಲ್ಲಿಲ್ಲದಾಗ.

"ಒಂದು ಹೆಜ್ಜೆ ಮುಂದಿಟ್ಟರೆ ನೋಡಿ," ಎಂದಳು ಆಕೆ. "ಕುದುರೆ ಡಾಕ್ಟರ್ ಸಲಾಜಾರ್‌ಗೆ ಫೋನು ಮಾಡಿದೀನಿ. ಅವರು ಬೇರೆ ಕಡೆ ಹೋಗಿದಾರೆ, ಬರೋದು ಮಧ್ಯಾಹ್ನ ಆಗುತ್ತಂತೆ. ಅಲ್ಲಿವರೆಗೂ ನೀವು ಅಲ್ಲಾಡೋ ಹಾಗಿಲ್ಲ. ಏನು ಹಾಕಿದ್ರಿ ಹೇಳಿಬಿಡಿ, ಮದ್ದಾದ್ರೂ ಹುಡುಕಬಹುದು."

"ಕ್ಯಾರೆಟ್, ಮಿಸೆಸ್ ಕ್ರೌಸ್. ಬರೀ ಕ್ಯಾರೆಟ್."

ಗುಂಪಿನಲ್ಲಿ ಹಾ ಎಂಬ ಸದ್ದು ಎದ್ದಿತು. ಒಬ್ಬ ಹೆಂಗಸು ತಲೆ ಸುತ್ತಿದವಳಂತೆ ಕುರ್ಚಿಗೆ ಕೈ ಚಾಚಿದಳು.

"ನಿಲ್ಲಿ, ನಿಲ್ಲಿ," ಎಂದ ನೆಸ್ಬಿಟ್. "ಎಲ್ಲಾ ಕ್ರಮವಾಗಿ ಆಗ್ಲಿ. ನಾವೇನು ಕಾಡು ಜನ ಅಲ್ಲ." ಬಕೆಟ್ಟೊಂದನ್ನು ಮಗುಚಿ ಅದರ ಮೇಲೆ ಕೂತ. "ನಾನು ನ್ಯಾಯಾಧೀಶ. ಅಮ್ಮಾ, ನೀವು ಸರ್ಕಾರಿ ವಕೀಲರು. ಬಿಂಗಮ್‌ಗೆ ವಕೀಲರು ಯಾರೂ ಇಲ್ಲದ್ರಿಂದ ಅದನ್ನೂ ನಾನೇ ನೋಡ್ಕೋತೀನಿ."

ಬೇಸರದ ಸೋಮವಾರ, ಮೇ ತಿಂಗಳ ಹಿತವಾದ ಬಿಸಿಲು. ಜನ ಸಿಕ್ಕಸಿಕ್ಕ ಹುಲ್ಲಿನ ಹೊರೆಯ ಮೇಲೆ ಕೂತರು. ಯಾರೋ ನಿಂಬೆ ಪಾನಕ ತಂದರು. ಬಿಂಗಮ್‌ನನ್ನು ಕಿತ್ತಳೆ ಮರದ ಕೆಳಗೆ ಒಂದು ಡಬ್ಬದ ಮೇಲೆ ಕೂರಿಸಿದರು. ಅವನಿಗೂ ಒಂದು ಲೋಟ ಪಾನಕ ಕೊಟ್ಟರು. ಆದರೆ ಹೂಜಿಯನ್ನು ಅವನ ಕೈಗೆಟುಕದಂತೆ ದೂರ ಇಟ್ಟರು.

"ಬೆಳಿಗ್ಗೆ ಏಳೂಕಾಲಿಗೆ ಎಲ್ಲಿದ್ರಿ?" ಮಿಸೆಸ್ ಕ್ರೌಸ್ ಕವೆಗೋಲು ಊರಿ ನಿಂತು ಕೇಳಿದಳು.

"ನಿಮ್ಮ ಬೇಲಿ ಹತ್ತಿರ."

"ಆ ಕ್ಯಾರೆಟ್ಟಿನ ಒಡಲು ಕೊರೆದಿತ್ತೋ, ಇಲ್ವೋ?"

"ಇಲ್ಲ. ಇಡಿಯಾಗಿತ್ತು."

"ಶನಿವಾರವೂ ಮೊದಲು ಹಾಗೇ ಹೇಳಿದ್ರಿ!"

"ಅದು ಬರೆದು ಕೊಟ್ಟ ಮಾತು!"

"ಯಾರು ಬರೆದು ಕೊಟ್ಟದ್ದು? ಅವನೂ ಇದರಲ್ಲಿ ಇದಾನಾ?"

"ಆಕ್ಷೇಪಣೆ!" ಎಂದು ನೆಸ್ಬಿಟ್ ವಕೀಲನಾಗಿ ಕೂಗಿ, ಬಕೆಟ್ಟಿನ ಮೇಲೆ ನೆಟ್ಟಗೆ ಕೂತು ನ್ಯಾಯಾಧೀಶನಾಗಿ, "ತಳ್ಳಿಹಾಕಲಾಗಿದೆ," ಎಂದ.

"ಮಿಸ್ಟರ್ ನೆಸ್ಬಿಟ್, ನೀವು ನನ್ನ ಕಡೆ ತಾನೇ?"

"ನಿನ್ನ ಕಡೆನೇ ಕಣಯ್ಯ. ಆದ್ರೆ ನ್ಯಾಯ ಅನ್ನೋದು ಒಂದಿದೆಯಲ್ಲ."

ಲಾಯದೊಳಗಿಂದ ಡ್ಯಾಫೊಡಿಲ್ ನರಳಿತು. ಮಿಸೆಸ್ ಕ್ರೌಸ್ ಒಮ್ಮೆ ಆ ಕಡೆ ತಿರುಗಿದಳು. ತಿರುಗಿದಾಗ ಆಕೆಯ ಗಲ್ಲ ನಡುಗಿದ್ದನ್ನು ಬಿಂಗಮ್ ಕಂಡ. ಆಮೇಲೆ ಆಕೆ ಹತ್ತಿರ ಬಂದು, ಬಾಗಿ, ಮೂಗಿಗೆ ಮೂಗು ತಾಗುವಷ್ಟು ಸಮೀಪದಿಂದ ಅವನ ಮೇಲೆ ಕಣ್ಣು ನೆಟ್ಟಳು. "ನಿಜ ಹೇಳಿ. ನೀವು ತಾನೇ?"

ಇಡೀ ಒಂದು ವಾರ ಕನ್ನಡಿಯ ಮುಂದೆ ನಿಂತು ಈ ಪ್ರಶ್ನೆಯ ಉತ್ತರವನ್ನೇ ಅಭ್ಯಾಸ ಮಾಡಿದ್ದ ದೇಹ ಬಿಂಗಮ್‌ನದು. ಕಾಲುಗಳು ತಾವೇ ಎದ್ದು ನಿಂತವು, ಕೈ ತಾನೇ ಎದೆಗೆ ಹೋಯಿತು, ಬಾಯಿ ತಾನೇ ತೆರೆಯಿತು: "ಹೌದು, ನಾ..."

ಅಷ್ಟರಲ್ಲಿ ಅವನ ಮನೆಯೊಳಗೆ ಫೋನು ರಿಂಗಾಯಿತು.

"ನಾನು ಫೋನು ತಗೋಬೇಕು," ಎಂದ ಬಿಂಗಮ್, ನಿದ್ದೆಯಿಂದ ಎಚ್ಚೆತ್ತವನಂತೆ. ಅಪರಾಧಿಗೂ ಒಂದು ಫೋನಿನ ಹಕ್ಕಿದೆ ಎಂದು ನೆಸ್ಬಿಟ್ ತೀರ್ಪು ಕೊಟ್ಟು, ಕಾವಲಿಗೆ ತಾನೇ ಕಿಟಕಿಯ ಹೊರಗೆ ನಿಂತ.

ಫೋನಿನಲ್ಲಿ ಅವನ ಏಜೆಂಟು ಸಿಡ್ ಮಂಡೆಲ್. "ಆರ್ವಿಲ್! ಕೂತಿದೀಯಾ? ಕೂತ್ಕೋ. ಹೊಸ ಸರಣಿ ಶುರುವಾಗ್ತಿದೆ. ಹದಿಮೂರು ವಾರ! ದೊಡ್ಡ ಪಾತ್ರ! ಶನಿವಾರದ್ದು ನೋಡಿ ಹುಚ್ಚಾಗಿ ಹೋಗಿದಾರೆ."

ಬಿಂಗಮ್ ಕೂತ. "ಯಾವ ಪಾತ್ರ, ಸಿಡ್?"

"ಅದು ಗುಟ್ಟಂತೆ, ಬಾಯಿ ಬಿಡ್ತಿಲ್ಲ. ಸಣ್ಣ ಊರಿನ ಕತೆ ಅಂತ ಮಾತ್ರ ಗೊತ್ತು. ಫಿಪ್ಸ್ ಅಂತ ಒಬ್ಬ ನಿರ್ಮಾಪಕ ಇವತ್ತು ನಾಲ್ಕಕ್ಕೆ ನಿನ್ನ ಮನೆಗೇ ಬರ್ತಾನೆ. ಅವನದೊಂದು ವಿಚಿತ್ರ ಅಭ್ಯಾಸ. ನಟ ಮನೇಲಿ ಹೇಗಿರ್ತಾನೆ, ಅಕ್ಕಪಕ್ಕದವರು ಅವನನ್ನ ಕಂಡರೆ ಏನಂತಾರೆ, ಎಲ್ಲ ವಿಚಾರಿಸ್ತಾನೆ. ನಿನಗೇನಪ್ಪ ಭಯ, ನೀನು ನೀನಾಗಿರು ಸಾಕು!"

ಬಿಂಗಮ್ ಫೋನಿಟ್ಟ. ಸಣ್ಣ ಊರಿನ ಕತೆ ಎಂದರೆ ಅದೇ ಇರಬೇಕು. ಊರಿನ ವೃದ್ಧ ಡಾಕ್ಟರೊಬ್ಬನ ಮೇಲೆ ಸರಣಿ ಬರುತ್ತದೆಂದು ಅವನೂ ಕೇಳಿದ್ದ. ಕೈಯಲ್ಲಿ ಚೀಲ ಹಿಡಿದು ಬೀದಿಯಲ್ಲಿ ನಡೆದು ಹೋಗುವ, ಎಲ್ಲರೂ ಟೋಪಿ ತೆಗೆದು ವಂದಿಸುವ ಡಾಕ್ಟರು. ಹದಿಮೂರು ವಾರ ಜನ ಅವನ ಮುಖ ನೋಡಿ ಪ್ರೀತಿಯಿಂದ ನಗುತ್ತಾರೆ. ಡಾಟಿ ಚಾಕುವಿನಿಂದಲೇ ಪೈ ಕತ್ತರಿಸಿ ಕೊಡುತ್ತಾಳೆ.

ಕಿಟಕಿಯಾಚೆ ನೋಡಿದ. ಅಕ್ಕಪಕ್ಕದವರು ಹುಲ್ಲಿನ ಹೊರೆಗಳ ಮೇಲೆ ಕೂತು, ಅವನನ್ನು ಪೊಲೀಸರಿಗೆ ಕೊಡುವುದೋ ಮೊದಲು ಕಟ್ಟಿಹಾಕುವುದೋ ಎಂದು ಮಾತಾಡಿಕೊಳ್ಳುತ್ತಿದ್ದರು. ನಾಲ್ಕಕ್ಕೆ ಫಿಪ್ಸ್ ಬಂದು ವಿಚಾರಿಸುವುದು ಇವರನ್ನೇ.

ಹೊರಗೆ ಬಂದು ಬಿಂಗಮ್ ಅಂಗಲಾಚಿದ. "ನನ್ನನ್ನ ಆಮೇಲೆ ಏನು ಬೇಕಾದ್ರೂ ಮಾಡಿ. ಈಗ ಆ ಕುದುರೆ ಹತ್ತಿರ ಬಿಡಿ. ಒಂಟಿಯಾಗಿ ನರಳ್ತಾ ಇದೆ."

"ಸಾಕ್ಷ್ಯ ನಾಶ ಮಾಡೋಕಾ?" ಎಂದಳು ಮಿಸೆಸ್ ಕ್ರೌಸ್.

ಹೀಗೆ ಎರಡೂವರೆ ಆಯಿತು. ಆಗ ಡಾಕ್ಟರ್ ಸಲಾಜಾರ್‌ರ ಟ್ರಕ್ಕು ಧೂಳೆಬ್ಬಿಸುತ್ತ ಬಂದು ನಿಂತಿತು. ಕುಳ್ಳಗಿನ, ಶಾಂತ ಮನುಷ್ಯ. ಎಲ್ಲರೂ ಒಟ್ಟಿಗೆ ಬಿಂಗಮ್‌ನತ್ತ ಬೆರಳು ಮಾಡಿ ಕ್ಯಾರೆಟ್ಟು, ವಿಷ, ಶನಿವಾರ ಎಂದೆಲ್ಲ ಹೇಳುತ್ತಿದ್ದರೂ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ತೋಳು ಮಡಿಸಿ ಲಾಯದೊಳಗೆ ಹೋದರು. ಐದು ನಿಮಿಷ ಬಿಟ್ಟು ಹೊರಗೆ ಬಂದು ಬಿಸಿನೀರು ಕೇಳಿದರು.

"ವಿಷ ಏರಿದೆಯಾ ಡಾಕ್ಟ್ರೇ?" ಮಿಸೆಸ್ ಕ್ರೌಸಳ ದನಿ ಮೊದಲ ಸಲ ಸಣ್ಣಗಾಗಿತ್ತು.

"ವಿಷ ಎಲ್ಲಿ ಬಂತಮ್ಮ? ಹೆರಿಗೆ ನೋವು."

ಬಿಂಗಮ್‌ನತ್ತ ಚಾಚಿದ್ದ ಬೆರಳುಗಳು ಒಂದೊಂದಾಗಿ ಕೆಳಗಿಳಿದವು.

"ಸಾಧ್ಯವೇ ಇಲ್ಲ," ಎಂದಳು ಮಿಸೆಸ್ ಕ್ರೌಸ್ ಕೆಂಪಗಾಗಿ. "ನನ್ನ ಡ್ಯಾಫೊಡಿಲ್ ಅಂಥವಳಲ್ಲ! ಒಂದು ದಿನ ನನ್ನ ಬೇಲಿ ದಾಟಿಲ್ಲ!"

"ನಿಮ್ಮ ಮನೆಗೆ ಬರೋ ಮುಂಚಿನ ಕತೆ ಇದು. ಮಾರಿದವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ದಪ್ಪ ಆಗಿದ್ದು ನೀವು ಹಾಕಿದ ಓಟ್ಸಿಗೆ ಅಂದ್ಕೊಂಡಿದ್ರಾ?" ಡಾಕ್ಟರು ಸುತ್ತ ನೋಡಿದರು. "ಹೆದರಿಬಿಟ್ಟಿದೆ, ಒದೀತಾ ಇದೆ. ಇದು ಯಾರ ಮಾತು ಕೇಳುತ್ತೆ? ತಲೆ ಹಿಡಿದು ಸಮಾಧಾನ ಮಾಡೋರು ಬೇಕು."

ಮಿಸೆಸ್ ಕ್ರೌಸ್ ಮುಂದೆ ಹೋದಳು. ಆಕೆಯ ಕಣ್ಣು ಕಂಡು ಕುದುರೆ ಇನ್ನಷ್ಟು ಹೆದರಿತು. ಆಗ ಬಿಂಗಮ್ ಯಾರನ್ನೂ ಕೇಳದೆ ಒಳಗೆ ನುಗ್ಗಿ, ಹುಲ್ಲಿನ ಮೇಲೆ ಕೂತು, ಡ್ಯಾಫೊಡಿಲ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. "ಆಯ್ತು ಕಣೇ, ಆಯ್ತು. ನಾನಿದೀನಿ," ಎಂದು ಅದರ ಕಿವಿಯಲ್ಲಿ ಹೇಳುತ್ತ ಹಣೆ ಸವರಿದ. ಕುದುರೆ ಒಂದು ದೊಡ್ಡ ಉಸಿರು ಬಿಟ್ಟು ಒದೆಯುವುದನ್ನು ನಿಲ್ಲಿಸಿತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಮರಿ ನೆಲಕ್ಕೆ ಬಿತ್ತು. ಒದ್ದೆಯಾದ, ಉದ್ದ ಕಾಲಿನ, ಹಣೆಯ ಮೇಲೆ ಬಿಳಿ ಚುಕ್ಕೆಯ ಗಂಡು ಮರಿ. ಬಿಂಗಮ್ ಅತ್ತ. ಈ ಸಲ ಯಾರೂ ಬರೆದು ಕೊಟ್ಟಿರಲಿಲ್ಲ. ಬಾಗಿಲಲ್ಲಿ ಮುಕುರಿಕೊಂಡಿದ್ದವರೆಲ್ಲ ಅತ್ತರು. ನೆಸ್ಬಿಟ್ ಟೋಪಿ ತೆಗೆದು, "ಆರೋಪಿ ನಿರ್ದೋಷಿ," ಎಂದು ಗದ್ಗದಿತನಾಗಿ ಘೋಷಿಸಿದ.

ಆಮೇಲೆ ಪಶ್ಚಾತ್ತಾಪದ ಮಳೆ. ಬೆಳಿಗ್ಗೆ ಕುರ್ಚಿಗೆ ಕೈ ಚಾಚಿದ್ದ ಹೆಂಗಸು ಬೆಣ್ಣೆ ಬಿಸ್ಕತ್ತು ತಂದಳು. ಪಾನಕದ ಹೂಜಿಯನ್ನೇ ಅವನ ಕೈಗೆ ಕೊಟ್ಟರು. ಮಿಸೆಸ್ ಕ್ರೌಸ್ ತಲೆ ತಗ್ಗಿಸಿ ಬಂದಳು. "ಮಿಸ್ಟರ್ ಬಿಂಗಮ್, ನನ್ನಿಂದ ದೊಡ್ಡ ತಪ್ಪಾಯ್ತು. ಹೇಗೆ ತೀರಿಸ್ಲಿ ಹೇಳಿ."

ಬಿಂಗಮ್ ಗಡಿಯಾರ ನೋಡಿಕೊಂಡ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. "ಒಂದೇ ಒಂದು ಉಪಕಾರ ಮಾಡಿ," ಎಂದು ಎಲ್ಲರ ಕಡೆ ತಿರುಗಿ ಕೈ ಜೋಡಿಸಿದ. "ಈಗೊಬ್ಬರು ನಿರ್ಮಾಪಕರು ಬರ್ತಾರೆ. ನನ್ನ ಬಗ್ಗೆ ಕೇಳ್ತಾರೆ. ನಾಲ್ಕು ಒಳ್ಳೆ ಮಾತು ಹೇಳಿ. ನನ್ನ ಬಾಳಿನ ಪ್ರಶ್ನೆ."

"ನಾಲ್ಕೇನು, ನಲವತ್ತು ಹೇಳ್ತೀವಿ!" ಎಂದರು ಎಲ್ಲರೂ.

ಸರಿಯಾಗಿ ನಾಲ್ಕಕ್ಕೆ ಉದ್ದನೆಯ ಕಾರಿನಿಂದ ಫಿಪ್ಸ್ ಇಳಿದ. ತೆಳ್ಳಗೆ, ಕಪ್ಪು ಕನ್ನಡಕ, ಕೈಯಲ್ಲೊಂದು ಸಣ್ಣ ಪುಸ್ತಕ. "ಆರ್ವಿಲ್ ಬಿಂಗಮ್ ಅನ್ನೋರು..."

"ಬನ್ನಿ ಸಾರ್, ಬನ್ನಿ! ದೇವರಂಥ ಮನುಷ್ಯ!" ನೆಸ್ಬಿಟ್ ಅವನ ತೋಳು ಹಿಡಿದ. "ಮೂವತ್ತು ವರ್ಷ ಮನೆ ಮನೆ ಬಾಗಿಲು ತಟ್ಟಿದವನು ನಾನು. ಇಂಥ ಸಾಧು ಪ್ರಾಣಿನ ನೋಡಿಲ್ಲ."

"ಇರುವೆ ಕಂಡರೂ ದಾಟಿಕೊಂಡು ಹೋಗ್ತಾರೆ," ಎಂದಳು ಬಿಸ್ಕತ್ತಿನ ಹೆಂಗಸು.

ಫಿಪ್ಸ್ ಲಾಯದ ಬಾಗಿಲಿಗೆ ಬಂದ. ಬಿಂಗಮ್ ತಲೆಯಲ್ಲಿ ಹುಲ್ಲು, ಕಣ್ಣಲ್ಲಿ ನೀರು, ಮಡಿಲಲ್ಲಿ ಒದ್ದೆ ಮರಿ ಇಟ್ಟುಕೊಂಡು, ಊರ ಡಾಕ್ಟರು ಹೇಗೆ ನಗಬೇಕೋ ಹಾಗೆ ನಕ್ಕ. ಹಿಂದೆ, ಕೊಟ್ಟಿಗೆಯಲ್ಲಿ ಏಸು ಹುಟ್ಟಿದ ಚಿತ್ರದಂತೆ, ಸಂಜೆ ಬಿಸಿಲು ಬೇರೆ.

ಫಿಪ್ಸ್ ಕನ್ನಡಕ ತೆಗೆದು ಬಹಳ ಹೊತ್ತು ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟ. "ಎಂಥ ಮೋಸ ಹೋದೆ."

"ಏನು ಸಾರ್?"

"ತಪ್ಪು ತಿಳ್ಕೋಬೇಡಿ, ಮಿಸ್ಟರ್ ಬಿಂಗಮ್. ನಮ್ಮದು ಸಣ್ಣ ಊರಿನ ಕತೆ. ಆ ಊರಲ್ಲೊಬ್ಬ ಔಷಧದಂಗಡಿಯವನು. ಹದಿಮೂರು ವಾರದಲ್ಲಿ ಹದಿಮೂರು ಜನಕ್ಕೆ ವಿಷ ಹಾಕ್ತಾನೆ. ಅವನು ಬಂದರೆ ಬೀದಿಯ ನಾಯಿ ಬೊಗಳೋದು ನಿಲ್ಲಿಸಬೇಕು. ಶನಿವಾರ ನಿಮ್ಮನ್ನ ನೋಡಿ, ಈ ಮನುಷ್ಯ ನಿಜವಾಗ್ಲೂ ಅಂಥವನೇ ಇರಬೇಕು ಅಂದ್ಕೊಂಡೆ. ನಿಮ್ಮ ಪಕ್ಕದ ಮನೆಯವರಾದ್ರೂ ನಿಮಗೆ ಹೆದರ್ತಾರೆ ಅಂತ ಆಸೆ ಇಟ್ಕೊಂಡಿದ್ದೆ."

ಬಿಂಗಮ್ ಮರಿಯನ್ನು ಕೆಳಗಿಳಿಸಿ ಎದ್ದ. "ಹೆದರ್ತಾರೆ ಸಾರ್! ಬೆಳಿಗ್ಗೆ ಎಲ್ಲರೂ ಹೆದರಿದ್ರು! ನನ್ನನ್ನ ಕಟ್ಟಿಹಾಕೋಕೆ ಹೊರಟಿದ್ರು! ಕೇಳಿ ಬೇಕಾದ್ರೆ! ನಾನು ಬಹಳ ಕೆಟ್ಟವನು! ಮಿಸ್ಟರ್ ನೆಸ್ಬಿಟ್, ಹೇಳ್ರೀ!"

ನೆಸ್ಬಿಟ್ ಫಿಪ್ಸ್‌ನತ್ತ ಕಣ್ಣು ಹೊಡೆದ. "ತಮಾಷೆ ಅವರಿಗೆ. ತನ್ನ ಹೊಗಳಿಕೆ ತಾನೇ ಕೇಳಲಾರದ ಮನುಷ್ಯ."

"ನೋಡಿದ್ರಾ, ಎಂಥ ವಿನಯ!" ಎಂದರು ಉಳಿದವರು.

"ಮಿಸ್ಟರ್ ಫಿಪ್ಸ್, ಇವರು ಹೇಳ್ತಿರೋದೆಲ್ಲ ಸುಳ್ಳು. ನಾನೇ ಹೇಳಿಕೊಟ್ಟಿದ್ದು. ನಾನು ಕೊಲೆಗಾರ!"

ಅಷ್ಟು ಹೇಳಿದ್ದೇ ತಡ, ಮಿಸೆಸ್ ಕ್ರೌಸ್ ಕವೆಗೋಲು ಹಿಡಿದು ನಡುವೆ ನುಗ್ಗಿದಳು. ಬೆಳಿಗ್ಗೆ ತಾನು ಮಾಡಿದ ತಪ್ಪಿನ ಭಾರವೆಲ್ಲ ಆಕೆಯ ಕಣ್ಣಿಗೆ ಬಂದು ಕೂತಿತ್ತು. ಆ ಕಣ್ಣನ್ನು ಫಿಪ್ಸ್‌ನ ಮೇಲೆ ನೆಟ್ಟು, ಮೆಲ್ಲಗೆ, ಹಲ್ಲು ಕಚ್ಚಿ ಹೇಳಿದಳು: "ಈ ಮನುಷ್ಯನನ್ನ ಕೊಲೆಗಾರ ಅಂತ ಇನ್ನೊಂದು ಸಲ ಯಾರಾದ್ರೂ ಅನ್ನಲಿ. ಹಿತ್ತಲಲ್ಲಿ ಬೇಕಾದಷ್ಟು ಜಾಗ ಇದೆ. ಅಗೆಯೋಕೆ ನನಗೆ ಯಾರ ಸಹಾಯವೂ ಬೇಡ."

ಕಾರು ಬಂದಾಗಿನಿಂದ ಪಕ್ಕದ ಮನೆಯ ನಾಯಿ ಬೊಗಳುತ್ತಿದ್ದದ್ದು ನಿಂತಿತು.

ಫಿಪ್ಸ್ ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖ ಬಿಳುಚಿಕೊಂಡಿತು. ಆಮೇಲೆ ನಿಧಾನವಾಗಿ, ಹಬ್ಬದ ದೀಪ ಹಚ್ಚಿದಂತೆ, ಬೆಳಗತೊಡಗಿತು.

"ಮೇಡಂ," ಎಂದ ಅವನು. "ನೀವು ಯಾವತ್ತಾದ್ರೂ ನಟನೆ ಮಾಡಿದೀರಾ? ಇಲ್ಲವಾ? ಪರವಾಗಿಲ್ಲ, ಮಾಡಲೇಬೇಡಿ, ಹೀಗೇ ನಿಂತರೆ ಸಾಕು. ಔಷಧದಂಗಡಿ ಹೆಂಗಸಿನದು ಅಂತ ಬದಲಾಯಿಸಿದ್ರೆ ಆಯ್ತು."

ಮಿಸೆಸ್ ಕ್ರೌಸ್ ಬೆಪ್ಪಾದಳು. ಕವೆಗೋಲು ಕೆಳಗಿಳಿಯಿತು, ಕೈ ತಾನೇ ಕೂದಲ ಗಂಟಿಗೆ ಹೋಯಿತು. "ನಾನಾ? ಟಿವಿಯಲ್ಲಾ? ಅದೆಲ್ಲ ಆಗಲ್ಲ. ಹದಿಮೂರು ವಾರ ಈ ಬಾಣಂತೀನ, ಎಳೆ ಮರೀನ ಯಾರ ಕೈಲಿ ಬಿಟ್ಟು ಬರ್ಲಿ?"

ಹಿತ್ತಲಲ್ಲಿದ್ದ ಎಲ್ಲರೂ ಬಿಂಗಮ್‌ನ ಕಡೆ ತಿರುಗಿದರು.

"ಇದಾರಲ್ಲ," ಎಂದ ನೆಸ್ಬಿಟ್, ಅವನ ಬೆನ್ನು ತಟ್ಟುತ್ತ. "ಇಂಥ ಒಳ್ಳೆಯವರು ಆಗಲ್ಲ ಅಂತಾರಾ?"

ಬಿಂಗಮ್ ಬಾಯಿ ತೆರೆದ. ಒಳ್ಳೆಯವನೆಂಬ ಹೆಸರು ಬಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅಷ್ಟು ಬೇಗ ಅದನ್ನು ಕಳೆದುಕೊಳ್ಳಲು ಅವನಿಂದಾಗಲಿಲ್ಲ.

"ಬೆಳಿಗ್ಗೆ ಎಷ್ಟು ಗಂಟೆಗೆ ಬರ್ಲಿ?" ಎಂದ.

"ಐದಕ್ಕೆ," ಎಂದಳು ಮಿಸೆಸ್ ಕ್ರೌಸ್. "ಒಂದು ನಿಮಿಷ ತಡ ಆಗಬಾರದು."

ಆ ದನಿಗೆ ಫಿಪ್ಸ್ ಇನ್ನೊಮ್ಮೆ ಬೆಚ್ಚಿ, ಖುಷಿಯಿಂದ ಪುಸ್ತಕ ತೆರೆದು ಆಕೆಯ ಹೆಸರಿನ ಕಾಗುಣಿತ ಕೇಳಿದ.